ಗಣಕಯಂತ್ರದಲ್ಲಿ ಸಂಕೇತ ಸಂಗ್ರಹಣ: ಮಾದರಿಯ ವೇಗವೂ ಅದರ ನಿಯಂತ್ರಣವೂ

ನಿಸರ್ಗದ ವ್ಯಾಪಾರಗಳು ಬಹುಮಟ್ಟಿಗೆ ಅಖಂಡವಾದವು. ಬೆಳಗಿನಿಂದ ಸಂಜೆಯವರೆಗೆ ಏರಿ ಇಳಿಯುವ ಉಷ್ಣತೆ, ವೀಣೆಯ ತಂತಿಯಿಂದ ಹೊಮ್ಮುವ ನಾದ, ಹೃದಯದ ವಿದ್ಯುತ್ ಸ್ಪಂದನ, ಭೂಮಿಯ ಕಂಪನ, ಇವಾವುವೂ ಒಂದು ಬೆಲೆಯಿಂದ ಇನ್ನೊಂದು ಬೆಲೆಗೆ ಹಾರಿ ಹೋಗುವುದಿಲ್ಲ. ನಡುವಣ ಎಲ್ಲ ಬೆಲೆಗಳನ್ನೂ ಮುಟ್ಟಿಕೊಂಡೇ ಸಾಗುತ್ತವೆ. ಆದರೆ ಗಣಕಯಂತ್ರವು ಅರಿಯುವುದು ಅಂಕಿಗಳನ್ನು ಮಾತ್ರ. ಅಖಂಡವಾದುದನ್ನು ಅಂಕಿಗಳ ಸಾಲಾಗಿ ಮಾಡಿ ಅದಕ್ಕೆ ಒಪ್ಪಿಸದ ಹೊರತು ಅದು ನಿಸರ್ಗದ ಯಾವ ಸಂಗತಿಯನ್ನೂ ಗ್ರಹಿಸಲಾರದು.

ಇಂದು ನಮ್ಮ ಪ್ರೌಢಶಾಲೆಗಳ ಪ್ರಯೋಗಶಾಲೆಗಳಿಗೂ ಗಣಕಯಂತ್ರಕ್ಕೆ ಜೋಡಿಸುವ ಅಳತೆಯ ಉಪಕರಣಗಳು ಬಂದಿವೆ. 2016ರಲ್ಲಿ ನೀತಿ ಆಯೋಗವು ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳ ಯೋಜನೆಯನ್ನು ಆರಂಭಿಸಿದ ಮೇಲೆ ಗ್ರಾಮಾಂತರದ ವಿದ್ಯಾರ್ಥಿಗಳ ಕೈಗೂ ಇವು ಎಟುಕಿವೆ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಉದಾರವಾಗಿ ಇಂತಹ ಸಲಕರಣೆಗಳನ್ನು ಒದಗಿಸುತ್ತಿದ್ದಾರೆ. ಪರದೆಯ ಮೇಲೆ ಅಂದವಾದ ರೇಖೆ ಮೂಡಿದೊಡನೆ ಅದು ಸತ್ಯವೆಂದು ನಂಬುವುದು ಮನುಷ್ಯ ಸಹಜ. ಆದರೆ ಆ ರೇಖೆ ಸತ್ಯವೋ ಮಿಥ್ಯೆಯೋ ಎಂಬುದನ್ನು ನಿರ್ಧರಿಸುವ ಪ್ರಮುಖ ಸಂಗತಿಯೊಂದಿದೆ. ಅದೇ ಮಾದರಿಯ ವೇಗ. ಅದರ ಸ್ವರೂಪವನ್ನೂ, ಅದನ್ನು ಹತೋಟಿಯಲ್ಲಿಡುವ ಕ್ರಮಗಳನ್ನೂ ಸ್ಥೂಲವಾಗಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

1. ಮಾದರಿ ಎಂದರೇನು?

ಮೈಕ್ರೋಫೋನು, ಉಷ್ಣತಾ ಸಂವೇದಕ ಮೊದಲಾದವು ನಿಸರ್ಗದ ಬದಲಾವಣೆಯನ್ನು ವಿದ್ಯುತ್ತಿನ ಒತ್ತಡದ ಬದಲಾವಣೆಯಾಗಿ ಮಾರ್ಪಡಿಸುತ್ತವೆ. ಈ ಬದಲಾಗುವ ಒತ್ತಡಕ್ಕೆ ಸಂಕೇತವೆಂದು ಹೆಸರು. ನಿಯತವಾದ ಕಾಲಾಂತರಗಳಲ್ಲಿ ಈ ಒತ್ತಡವನ್ನು ಅಳೆದು, ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿ ಬರೆದಿಡುವ ಸಾಧನವೇ ಅಂಕ ಪರಿವರ್ತಕ. ಹೀಗೆ ಪಡೆದ ಒಂದೊಂದು ಅಂಕಿಯೂ ಒಂದೊಂದು ಮಾದರಿ. ಒಂದು ಸೆಕೆಂಡಿನಲ್ಲಿ ಎಷ್ಟು ಮಾದರಿಗಳನ್ನು ತೆಗೆದುಕೊಳ್ಳಲಾಗುತ್ತದೆಯೋ ಅದೇ ಮಾದರಿಯ ವೇಗ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗಣಕಯಂತ್ರವು ಅಂಕಿಗಳನ್ನು ಸಾಲಾಗಿ ಇಡುತ್ತದೆಯೇ ಹೊರತು, ಸಾಮಾನ್ಯವಾಗಿ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದನ್ನು ತೆಗೆದ ಗಳಿಗೆಯನ್ನು ಬರೆಯುವುದಿಲ್ಲ. ನೂರನೆಯ ಅಂಕಿ ಯಾವ ಕ್ಷಣಕ್ಕೆ ಸೇರಿದ್ದು ಎಂಬುದನ್ನು ನಾವು ವೇಗದಿಂದಲೇ ಲೆಕ್ಕ ಹಾಕುತ್ತೇವೆ. ಆದುದರಿಂದ ವೇಗ ತಪ್ಪಿದರೆ ಕಾಲದ ಅಕ್ಷವೇ ತಪ್ಪಿದಂತೆ. ಎಲ್ಲ ಅಂಕಿಗಳೂ ಸರಿಯಾಗಿದ್ದು, ಅವುಗಳಿಂದ ಬಿಡಿಸಿದ ಚಿತ್ರ ಮಾತ್ರ ಸುಳ್ಳಾಗುವುದು ಸಾಧ್ಯ.

2. ವೇಗ ಸಾಲದಿದ್ದರೆ ಆಗುವ ಅನರ್ಥ

ಒಂದು ಊರಿನ ಉಷ್ಣತೆಯನ್ನು ಪ್ರತಿದಿನ ಮಧ್ಯಾಹ್ನ 2 ಗಂಟೆಗೆ ಮಾತ್ರ ಅಳೆದು ಬರೆಯಲಾಗುತ್ತಿದೆ ಎಂದು ಭಾವಿಸೋಣ. ಆ ಪುಸ್ತಕವನ್ನಷ್ಟೇ ನೋಡಿದವನು, ಆ ಊರಿನಲ್ಲಿ ಹಗಲಿಗೂ ರಾತ್ರಿಗೂ ಭೇದವಿಲ್ಲ, ಸದಾ ಒಂದೇ ಸಮನಾದ ಸೆಕೆಯೆಂದು ತೀರ್ಮಾನಿಸುವನು. ಈಗ ಅಳತೆಯನ್ನು 24 ಗಂಟೆಗೊಮ್ಮೆಗೆ ಬದಲಾಗಿ 25 ಗಂಟೆಗೊಮ್ಮೆ ಮಾಡಿದರೆಂದು ಇಟ್ಟುಕೊಳ್ಳೋಣ. ಮೊದಲ ದಿನ 2 ಗಂಟೆ, ಮರುದಿನ 3 ಗಂಟೆ, ಅದರ ಮರುದಿನ 4 ಗಂಟೆ, ಹೀಗೆ ಅಳತೆಯ ವೇಳೆ ಸರಿಯುತ್ತ ಹೋಗಿ 24 ಅಳತೆಗಳ ಬಳಿಕ ಮತ್ತೆ 2 ಗಂಟೆಗೆ ಬಂದು ನಿಲ್ಲುತ್ತದೆ. ಬರೆದ ಅಂಕಿಗಳನ್ನು ರೇಖೆಯಾಗಿ ಎಳೆದರೆ, ಉಷ್ಣತೆಯು 25 ದಿನಗಳಿಗೊಮ್ಮೆ ಏರಿ ಇಳಿಯುವಂತೆ ತೋರುವುದು. ಅಳೆದವನು ಪ್ರಾಮಾಣಿಕ, ಉಷ್ಣತಾಮಾಪಕವೂ ನಿರ್ದುಷ್ಟ. ಆದರೂ ನಿಸರ್ಗದಲ್ಲಿಲ್ಲದ 25 ದಿನಗಳ ಚಕ್ರವೊಂದು ಕಾಗದದ ಮೇಲೆ ಹುಟ್ಟಿಕೊಂಡಿತು. ಇದನ್ನೇ ಮಿಥ್ಯಾ ಆವೃತ್ತಿ ಎನ್ನಬಹುದು. ಇಂಜಿನಿಯರುಗಳು ಇದನ್ನು ಏಲಿಯಾಸಿಂಗ್ ಎಂದು ಕರೆಯುತ್ತಾರೆ.

ಚಲನಚಿತ್ರಗಳಲ್ಲಿ ಓಡುವ ಬಂಡಿಯ ಚಕ್ರವು ಹಿಮ್ಮುಖವಾಗಿ ತಿರುಗಿದಂತೆ ಕಾಣುವುದಕ್ಕೂ ಇದೇ ಕಾರಣ. ಚಲನಚಿತ್ರವು ಸೆಕೆಂಡಿಗೆ 24 ಚಿತ್ರಗಳನ್ನು ತೆಗೆಯುತ್ತದೆ. 12 ಅರೆಕಾಲುಗಳುಳ್ಳ ಚಕ್ರವೊಂದು ಸೆಕೆಂಡಿಗೆ ಸರಿಯಾಗಿ 2 ಸುತ್ತು ತಿರುಗಿದರೆ, ಪ್ರತಿ ಚಿತ್ರದ ವೇಳೆಗೂ ಒಂದು ಅರೆಕಾಲಿನ ಸ್ಥಾನಕ್ಕೆ ಮುಂದಿನದು ಬಂದಿರುತ್ತದೆ. ಆಗ ಚಕ್ರ ನಿಂತಂತೆಯೇ ತೋರುವುದು. ವೇಗ ಅದಕ್ಕಿಂತ ತುಸು ಕಡಿಮೆಯಾದರೆ ಅರೆಕಾಲು ತನ್ನ ಸ್ಥಾನವನ್ನು ತಲುಪುವ ಮೊದಲೇ ಚಿತ್ರ ತೆಗೆಯಲ್ಪಟ್ಟು, ಚಕ್ರ ಹಿಂದಕ್ಕೆ ಸರಿದಂತೆ ಭ್ರಮೆಯಾಗುವುದು.

ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳುಳ್ಳದ್ದು, ಅಂದರೆ 50 ಹರ್ಟ್ಸ್. ಅದನ್ನು ಸೆಕೆಂಡಿಗೆ 60 ಮಾದರಿಗಳಂತೆ ಅಳೆದರೆ 10 ಹರ್ಟ್ಸ್ ಅಲೆಯಂತೆ ಕಾಣುವುದು. 49 ಮಾದರಿಗಳಂತೆ ಅಳೆದರೆ ಸೆಕೆಂಡಿಗೊಮ್ಮೆ ಏಳುವ ಮಂದವಾದ ಅಲೆ. ಸರಿಯಾಗಿ 50 ಮಾದರಿಗಳಂತೆ ಅಳೆದರೆ ಅಲೆಯೇ ಇಲ್ಲದ ನೇರ ಗೆರೆ. ಸೆಕೆಂಡಿಗೆ 500 ಮಾದರಿಗಳನ್ನು ತೆಗೆದಾಗ ಮಾತ್ರ ಪ್ರತಿ ಆವರ್ತನೆಗೂ 10 ಬಿಂದುಗಳು ದೊರೆತು ಅಲೆಯ ನಿಜವಾದ ರೂಪ ಕಣ್ಣಿಗೆ ಬೀಳುವುದು.

3. ನಿಯಮದ ಹುಟ್ಟು

ಎಷ್ಟು ವೇಗ ಸಾಕು ಎಂಬ ಪ್ರಶ್ನೆಗೆ ಗಣಿತವು ನಿಖರವಾದ ಉತ್ತರವನ್ನು ಕೊಟ್ಟಿದೆ. ಇಂಗ್ಲೆಂಡಿನ ಗಣಿತಜ್ಞ ಇ. ಟಿ. ವಿಟೇಕರ್ 1915ರಲ್ಲಿ ಇದರ ಗಣಿತದ ತಳಹದಿಯನ್ನು ಹಾಕಿದರು. ಸ್ವೀಡನ್ನಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಹ್ಯಾರಿ ನೈಕ್ವಿಸ್ಟ್ ಅವರು 1928ರಲ್ಲಿ ತಂತಿ ಸಂದೇಶಗಳ ರವಾನೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಇದೇ ತತ್ತ್ವದ ಇನ್ನೊಂದು ಮುಖವನ್ನು ತೋರಿಸಿದರು. ರಷ್ಯದ ಕೊಟೆಲ್ನಿಕೋವ್ 1933ರಲ್ಲಿಯೂ, ಅಮೆರಿಕದ ಕ್ಲಾಡ್ ಶ್ಯಾನನ್ 1949ರಲ್ಲಿಯೂ ಇದನ್ನು ಸಂಪರ್ಕ ವಿಜ್ಞಾನದ ಪ್ರಮೇಯವಾಗಿ ಪ್ರತಿಪಾದಿಸಿದರು. ಪ್ರಮೇಯದ ಸಾರ ಇಷ್ಟೆ: ಸಂಕೇತದಲ್ಲಿರುವ ಅತ್ಯಂತ ಹೆಚ್ಚಿನ ಆವೃತ್ತಿಯ ಎರಡರಷ್ಟಕ್ಕಿಂತ ಮಾದರಿಯ ವೇಗ ಹೆಚ್ಚಾಗಿರಬೇಕು. ಹಾಗಿದ್ದರೆ ಮಾದರಿಗಳಿಂದಲೇ ಮೂಲ ಸಂಕೇತವನ್ನು ಪೂರ್ಣವಾಗಿ ಮತ್ತೆ ಕಟ್ಟಬಹುದು. ಹಾಗಿಲ್ಲದಿದ್ದರೆ ಹೆಚ್ಚಿನ ಆವೃತ್ತಿಗಳು ಕಡಿಮೆ ಆವೃತ್ತಿಗಳ ವೇಷ ಧರಿಸಿ ಒಳಸೇರುವುವು.

ಸರಿಯಾಗಿ ಎರಡರಷ್ಟಿದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ಅಲೆಯು ಶೂನ್ಯವನ್ನು ದಾಟುವ ಗಳಿಗೆಗಳಲ್ಲಿಯೇ ಪ್ರತಿ ಮಾದರಿಯೂ ಬಿದ್ದರೆ ಎಲ್ಲ ಅಂಕಿಗಳೂ ಸೊನ್ನೆಯಾಗುವುವು. ರೇಖೆಯನ್ನು ಕಣ್ಣಿನಿಂದ ನೋಡಿ ಅರಿಯಬೇಕಾದ ಶಾಲಾ ಪ್ರಯೋಗಗಳಲ್ಲಿ ಹತ್ತರಷ್ಟು ವೇಗವನ್ನು ಇಟ್ಟುಕೊಳ್ಳುವುದು ಕ್ಷೇಮಕರ.

ಪ್ರಮೇಯದ ಎಚ್ಚರಿಕೆಯ ಭಾಗ ಇನ್ನೂ ಮುಖ್ಯವಾದುದು. ಒಮ್ಮೆ ಮಿಥ್ಯಾ ಆವೃತ್ತಿಯು ಅಂಕಿಗಳಲ್ಲಿ ಬೆರೆತರೆ, ಬರಿಯ ಆ ಅಂಕಿಗಳನ್ನು ನೋಡಿ ಅದನ್ನು ನಿಜವಾದ ಆವೃತ್ತಿಯಿಂದ ಬೇರ್ಪಡಿಸುವ ಉಪಾಯ ಯಾವ ಗಣಕಯಂತ್ರದಲ್ಲಿಯೂ ಇಲ್ಲ. ಹಾಲಿಗೆ ನೀರು ಬೆರೆತ ಮೇಲೆ ಸೋಸಿ ಫಲವೇನು? ಆದುದರಿಂದ ಅಂಕ ಪರಿವರ್ತಕಕ್ಕೆ ಮೊದಲೇ ಒಂದು ಶೋಧಕ ಮಂಡಲವನ್ನಿಟ್ಟು, ಬೇಡವಾದ ಹೆಚ್ಚಿನ ಆವೃತ್ತಿಗಳನ್ನು ತಡೆಯಬೇಕು. 1,600 ಓಮ್ ರೋಧಕವೊಂದನ್ನೂ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನೂ ಜೋಡಿಸಿದರೆ ಸುಮಾರು 100 ಹರ್ಟ್ಸ್ ಮಿತಿಯ ಸರಳ ಶೋಧಕ ಸಿದ್ಧವಾಗುವುದು. ಇದು ಗೋಡೆಯಲ್ಲ, ಇಳಿಜಾರು. 1,000 ಹರ್ಟ್ಸ್ ಅಲೆಯನ್ನು ಹತ್ತನೆಯ ಒಂದು ಪಾಲಿಗೆ ಇಳಿಸುವುದೇ ಹೊರತು ಪೂರ್ತಿ ಅಳಿಸುವುದಿಲ್ಲ. ಶೋಧಕವು ಸರಳವಾದಷ್ಟೂ ಮಾದರಿಯ ವೇಗವನ್ನು ಹೆಚ್ಚಾಗಿಡುವುದು ಅನಿವಾರ್ಯ.

4. ಲೋಕವ್ಯವಹಾರದಲ್ಲಿ ಕೆಲವು ವೇಗಗಳು

ದೂರವಾಣಿಯಲ್ಲಿ ಮಾತಿನ 300 ರಿಂದ 3,400 ಹರ್ಟ್ಸ್‌ವರೆಗಿನ ಭಾಗವನ್ನು ಮಾತ್ರ ಉಳಿಸಿಕೊಂಡು, ಸೆಕೆಂಡಿಗೆ 8,000 ಮಾದರಿಗಳನ್ನು ತೆಗೆಯುವ ಕ್ರಮ ಜಗತ್ತಿನಾದ್ಯಂತ ರೂಢಿಗೆ ಬಂದಿತು. 3,400ರ ಎರಡರಷ್ಟು 6,800. ಶೋಧಕದ ಇಳಿಜಾರಿಗೆ ಅವಕಾಶ ಬಿಟ್ಟು 8,000. ನಮ್ಮ ದೇಶದಲ್ಲಿ 1984ರಲ್ಲಿ ಸ್ಥಾಪನೆಗೊಂಡ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗಾಗಿ ರೂಪಿಸಿದ ಅಂಕೀಯ ದೂರವಾಣಿ ವಿನಿಮಯ ಯಂತ್ರವು 1986ರಲ್ಲಿ ಮೊದಲು ನೆಲೆಗೊಂಡುದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಧೂಳು ಸೆಕೆಗಳ ನಡುವೆ, ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿಯೂ ಆ ಯಂತ್ರ ದುಡಿಯುವಂತೆ ನಿರ್ಮಾಣವಾಗಿತ್ತು.

ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಬಲ್ಲುದು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಮಾದರಿಗಳಿವೆ. ಈ ವಿಚಿತ್ರ ಸಂಖ್ಯೆಗೆ ಕಾರಣವಿದೆ. ಆರಂಭದಲ್ಲಿ ಅಂಕೀಯ ಧ್ವನಿಯನ್ನು ವೀಡಿಯೋ ಟೇಪಿನ ಮೇಲೆ ದಾಖಲಿಸುತ್ತಿದ್ದರು. ಚಿತ್ರದ ಪ್ರತಿ ಗೆರೆಯಲ್ಲಿ 3 ಮಾದರಿ, ಬಳಕೆಗೆ ಬರುವ ಗೆರೆಗಳು 245, ಸೆಕೆಂಡಿಗೆ ಇಂತಹ 60 ಕ್ಷೇತ್ರಗಳು. ಇವುಗಳ ಗುಣಲಬ್ಧ 44,100. ಸೆಕೆಂಡಿಗೆ 50 ಕ್ಷೇತ್ರಗಳುಳ್ಳ ಪದ್ಧತಿಯಲ್ಲಿ 294 ಗೆರೆಗಳನ್ನು ಬಳಸಿದರೂ ಅದೇ ಸಂಖ್ಯೆ ಬರುವುದು.

ಹೃದಯದ ವಿದ್ಯುತ್ ಲೇಖವಾದ ಇ.ಸಿ.ಜಿ.ಯಲ್ಲಿ ವಯಸ್ಕರಿಗೆ 150 ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಉಳಿಸಿಕೊಂಡು ಸೆಕೆಂಡಿಗೆ 500 ಮಾದರಿಗಳನ್ನು ತೆಗೆಯಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಶಿಫಾರಸು ಮಾಡಿದೆ. ಆಗ ಎರಡು ಮಾದರಿಗಳ ನಡುವಣ ಅಂತರ 2 ಮಿಲಿಸೆಕೆಂಡು. ಆದರೆ ಹೃದಯಕ್ಕೆ ಅಳವಡಿಸಿದ ಪೇಸ್‌ಮೇಕರಿನ ಒಂದು ವಿದ್ಯುತ್ ಮಿಡಿತವು 1 ಮಿಲಿಸೆಕೆಂಡಿಗಿಂತಲೂ ಅಲ್ಪಕಾಲದ್ದಾಗಿರಬಹುದು. ಅದು ಎರಡು ಮಾದರಿಗಳ ನಡುವಣ ಬಿಡುವಿನಲ್ಲಿ ಬಂದು ಹೋದರೆ ದಾಖಲೆಯಲ್ಲಿ ಅದರ ಸುಳಿವೇ ಇರದು. ಈ ಕಾರಣದಿಂದಲೇ ಆಸ್ಪತ್ರೆಯ ಮಾನಿಟರುಗಳಲ್ಲಿ ಆ ಮಿಡಿತವನ್ನು ಗುರುತಿಸಲು ಪ್ರತ್ಯೇಕ ಏರ್ಪಾಡು ಇರುತ್ತದೆ. ಕಾಣದಿದ್ದುದು ಇಲ್ಲವೆಂದಲ್ಲ ಎಂಬ ವಿವೇಕ ವೈದ್ಯನಿಗೆ ಎಷ್ಟು ಅಗತ್ಯವೋ ಉಪಕರಣ ನಿರ್ಮಾಪಕನಿಗೂ ಅಷ್ಟೇ ಅಗತ್ಯ.

ಭೂಕಂಪ ಮಾಪನದಲ್ಲಿ ಸೆಕೆಂಡಿಗೆ 100 ಮಾದರಿಗಳ ವೇಗ ಸಾಮಾನ್ಯ. ಇಲ್ಲಿ ವೇಗಕ್ಕಿಂತಲೂ ಕಾಲದ ನಿಖರತೆ ಹೆಚ್ಚಿನದು. ಭೂಮಿಯ ಮೇಲ್ಪದರದಲ್ಲಿ ಕಂಪನದ ಮೊದಲ ಅಲೆಯು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಸಾಗುತ್ತದೆ. ಒಂದು ಕೇಂದ್ರದ ಗಡಿಯಾರ 1 ಸೆಕೆಂಡು ತಪ್ಪಿದರೂ ದೂರದ ಲೆಕ್ಕದಲ್ಲಿ ಅಷ್ಟು ಕಿಲೋಮೀಟರುಗಳ ದೋಷ ನುಸುಳುವುದು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಡುಕವನ್ನು ಅನುಭವಿಸಿದ ಬೀದರ್ ಕಲಬುರ್ಗಿ ಕಡೆಯ ಜನರಿಗೆ ಇದರ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ. ಇಂದಿನ ಕೇಂದ್ರಗಳು ಉಪಗ್ರಹಗಳಿಂದ ಕಾಲವನ್ನು ಪಡೆದು ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳುತ್ತಿರುವುವು.

5. ವೇಗವನ್ನು ಕಾಯುವ ಮೂರು ಕ್ರಮಗಳು

ವೇಗವನ್ನು ನಿಶ್ಚಯಿಸುವುದು ಒಂದು ಕೆಲಸ. ನಿಶ್ಚಯಿಸಿದ ವೇಗವನ್ನು ಕಡೆಯತನಕ ಕಾಯ್ದುಕೊಳ್ಳುವುದು ಇನ್ನೊಂದು. ಇದಕ್ಕೆ ಮೂರು ಕ್ರಮಗಳಿವೆ.

ಮೊದಲನೆಯದು, ಒಂದು ಮಾದರಿ ತೆಗೆದು, ಸ್ವಲ್ಪ ಕಾಲ ಸುಮ್ಮನೆ ಎಣಿಸುತ್ತಿದ್ದು, ಮತ್ತೆ ಮಾದರಿ ತೆಗೆಯುವಂತೆ ಕ್ರಮವಿಧಿಯಲ್ಲಿ ಆದೇಶಿಸುವುದು. ಇದು ಸುಲಭ, ಆದರೆ ನೆಚ್ಚಿಕೆಗೆ ಅರ್ಹವಲ್ಲ. ಹೆಚ್ಚು ಚುರುಕಾದ ಯಂತ್ರದಲ್ಲಿ ಎಣಿಕೆ ಬೇಗ ಮುಗಿದು ವೇಗವೇ ಬದಲಾಗುವುದು. 1980ರ ದಶಕದ ಅನೇಕ ಗಣಕಯಂತ್ರಗಳಲ್ಲಿ ವೇಗವನ್ನು ತಗ್ಗಿಸುವ ಟರ್ಬೋ ಎಂಬ ಗುಂಡಿಯಿದ್ದುದು, ಇಂತಹ ಎಣಿಕೆಯನ್ನು ನೆಚ್ಚಿದ ಹಳೆಯ ಕ್ರಮವಿಧಿಗಳು ಹೊಸ ಯಂತ್ರದಲ್ಲಿ ಅಂಕೆಮೀರಿ ಓಡದಿರಲೆಂದೇ. ಇದಲ್ಲದೆ ಇಂದಿನ ಗಣಕಯಂತ್ರವು ಏಕಕಾಲದಲ್ಲಿ ಹತ್ತಾರು ಕೆಲಸಗಳನ್ನು ನೋಡಿಕೊಳ್ಳುತ್ತದೆ. ನಮ್ಮ ಮಾದರಿಯ ಗಳಿಗೆ ಬಂದಾಗ ಅದು ಬೇರೊಂದು ಕೆಲಸದಲ್ಲಿ ತೊಡಗಿದ್ದು ಕೆಲವು ಮಿಲಿಸೆಕೆಂಡು ತಡವಾಗಬಹುದು. ಅಂತರಗಳು ಹೀಗೆ ಹೆಚ್ಚು ಕಡಿಮೆಯಾಗುವುದಕ್ಕೆ ಜಿಟರ್ ಎಂದು ಹೆಸರು. 50 ಹರ್ಟ್ಸ್ ಅಲೆಯು ಶೂನ್ಯವನ್ನು ದಾಟುವಲ್ಲಿ 1 ಮಿಲಿಸೆಕೆಂಡು ತಪ್ಪಿದರೆ, ಅಲೆಯ ಗರಿಷ್ಠ ಎತ್ತರದ ನೂರಕ್ಕೆ 31ರಷ್ಟು ದೋಷ ಉಂಟಾಗುವುದು. 10 ಮೈಕ್ರೋಸೆಕೆಂಡು ತಪ್ಪಿದರೆ ದೋಷವು ನೂರಕ್ಕೆ 0.3 ಮಾತ್ರ.

ಎರಡನೆಯದು, ಗಣಕಯಂತ್ರದೊಳಗಿನ ಗಡಿಯಾರದಿಂದ ಎಚ್ಚರಿಸಿಕೊಳ್ಳುವುದು. 1981ರ ಐ.ಬಿ.ಎಂ. ಪಿ.ಸಿ.ಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಕ್ವಾರ್ಟ್ಸ್ ಸ್ಫಟಿಕವು ಸೆಕೆಂಡಿಗೆ 1,43,18,180 ಬಾರಿ ಕಂಪಿಸುತ್ತಿತ್ತು. ಇದನ್ನು 12ರಿಂದ ಭಾಗಿಸಿ, ಸೆಕೆಂಡಿಗೆ ಸುಮಾರು 11,93,182 ತುಡಿತಗಳನ್ನು 8253 ಎಂಬ ಎಣಿಕೆಯ ಚಿಪ್ಪಿಗೆ ಕೊಡಲಾಗುತ್ತಿತ್ತು. ನಾವು ಕೊಟ್ಟ ಸಂಖ್ಯೆಯಷ್ಟು ತುಡಿತಗಳನ್ನು ಎಣಿಸಿದೊಡನೆ ಆ ಚಿಪ್ಪು ಗಣಕಯಂತ್ರಕ್ಕೆ ಕರೆ ಕೊಡುವುದು. ಈ ಕರೆಗೆ ಇಂಟರಪ್ಟ್ ಎನ್ನುತ್ತಾರೆ. ಅತಿ ದೊಡ್ಡ ಎಣಿಕೆ 65,536 ಆದುದರಿಂದ ಸಾಮಾನ್ಯ ಸ್ಥಿತಿಯಲ್ಲಿ ಸೆಕೆಂಡಿಗೆ 18.2 ಕರೆಗಳು ಬರುತ್ತಿದ್ದುವು. ಸೆಕೆಂಡಿಗೆ 1,000 ಮಾದರಿ ಬೇಕಾದರೆ 1193 ಎಂಬ ಸಂಖ್ಯೆಯನ್ನು ಕೊಡಬೇಕು. ಆದರೆ ಭಾಗಿಸಿ ನೋಡಿದರೆ ದೊರೆಯುವ ವೇಗ 1,000 ಅಲ್ಲ, 1,000.15. ಒಂದು ಗಂಟೆಯ ದಾಖಲೆಯಲ್ಲಿ ಸುಮಾರು 549 ಮಾದರಿಗಳು ಹೆಚ್ಚಾಗಿ, ಅರ್ಧ ಸೆಕೆಂಡಿಗೂ ಮಿಗಿಲಾದ ವ್ಯತ್ಯಾಸ ಬೀಳುವುದು. ಇದರಿಂದ ಕಲಿಯಬೇಕಾದ ಪಾಠವೆಂದರೆ, ನಾವು ಕೇಳಿದ ವೇಗವನ್ನಲ್ಲ, ಯಂತ್ರವು ವಾಸ್ತವವಾಗಿ ಕೊಟ್ಟ ವೇಗವನ್ನು ದಾಖಲೆಯಲ್ಲಿ ಬರೆಯಬೇಕು.

ಮೂರನೆಯದು ಅತ್ಯುತ್ತಮವಾದುದು. ಇಲ್ಲಿ ಗಡಿಯಾರವು ಗಣಕಯಂತ್ರವನ್ನು ಕರೆಯದೆ ನೇರವಾಗಿ ಅಂಕ ಪರಿವರ್ತಕಕ್ಕೇ ಆಜ್ಞೆ ಕೊಡುವುದು. ಪಡೆದ ಅಂಕಿಗಳು ಬಫರ್ ಎಂಬ ತಾತ್ಕಾಲಿಕ ಕಣಜದಲ್ಲಿ ಕೂಡುವುವು. ಗಣಕಯಂತ್ರವು ಬಿಡುವಾದಾಗ ಬಂದು ಅವುಗಳನ್ನು ಒಟ್ಟಾಗಿ ಕೊಂಡೊಯ್ಯುವುದು. ಶಾಲೆಯಲ್ಲಿ ಗಂಟೆ ಬಾರಿಸಿದ ಕ್ಷಣದಲ್ಲಿ ಯಾರು ತರಗತಿಯಲ್ಲಿದ್ದರು ಎಂಬುದು ಮುಖ್ಯ; ಆ ಹಾಜರಿಯನ್ನು ಕಚೇರಿಯ ದೊಡ್ಡ ಪುಸ್ತಕಕ್ಕೆ ಸಂಜೆ ಏರಿಸಿದರೂ ಸತ್ಯಕ್ಕೆ ಕುಂದಿಲ್ಲ. ಅಂತೆಯೇ ಮಾದರಿ ತೆಗೆಯುವ ಕ್ಷಣ ನಿಖರವಾಗಿರಬೇಕು. ಅದನ್ನು ಕೊಂಡೊಯ್ಯುವ ಕೆಲಸ ತಡವಾಗಬಹುದು. ಆದರೆ ಕಣಜ ತುಂಬಿ ತುಳುಕಬಾರದು. 1,000 ಮಾದರಿಗಳಿಗೆ ಎಡೆಯಿರುವ ಬಫರ್, ಸೆಕೆಂಡಿಗೆ 10,000 ವೇಗದಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿಯೇ ತುಂಬುವುದು. ಕಳೆದುಹೋದ ಮಾದರಿಗಳ ವಿಷಯವನ್ನು ತಿಳಿಸದೆ ಉಳಿದವನ್ನು ಒತ್ತೊತ್ತಾಗಿ ಜೋಡಿಸಿ ತೋರಿಸುವ ಉಪಕರಣವು ಬಹಳ ಅಪಾಯಕಾರಿ.

6. ಶಾಲೆಯ ಮೇಜಿನ ಮೇಲೆ

ಶಾಲಾ ಪ್ರಯೋಗಶಾಲೆಗಳಲ್ಲಿ ಇಂದು ಬಹಳವಾಗಿ ಕಾಣುವ ಸಲಕರಣೆ ಎ.ಟಿ.ಮೆಗಾ 328 ಚಿಪ್ಪುಳ್ಳ ಆರ್ಡುಯಿನೊ ಯುನೊ ಫಲಕ. ಇದರ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ತುಡಿತಗಳದ್ದು. ಸಾಮಾನ್ಯ ಏರ್ಪಾಡಿನಲ್ಲಿ ಇದನ್ನು 128ರಿಂದ ಭಾಗಿಸಿ ಅಂಕ ಪರಿವರ್ತಕಕ್ಕೆ 1,25,000 ತುಡಿತಗಳನ್ನು ಕೊಡಲಾಗುತ್ತದೆ. ಒಂದು ಮಾದರಿಗೆ 13 ತುಡಿತಗಳು ಬೇಕು. ಅಂದರೆ 104 ಮೈಕ್ರೋಸೆಕೆಂಡು. ಸೆಕೆಂಡಿಗೆ ಸುಮಾರು 9,600 ಮಾದರಿಗಳು ಸಾಧ್ಯವೆಂದಾಯಿತು. 0 ಯಿಂದ 5 ವೋಲ್ಟಿನವರೆಗಿನ ಒತ್ತಡವನ್ನು ಅದು 0 ಯಿಂದ 1023ರವರೆಗಿನ ಅಂಕಿಯಾಗಿ ಮಾಡುವುದು.

ಆದರೆ ವಿದ್ಯಾರ್ಥಿಯು ಪ್ರತಿ ಅಂಕಿಯನ್ನೂ ತೆಗೆದೊಡನೆ 9,600 ಬಾಡ್ ವೇಗದ ತಂತಿಯ ಮೂಲಕ ಗಣಕಯಂತ್ರಕ್ಕೆ ಕಳುಹಿಸತೊಡಗಿದರೆ ಸ್ಥಿತಿ ಬೇರೆಯಾಗುವುದು. ಆ ತಂತಿಯಲ್ಲಿ ಸೆಕೆಂಡಿಗೆ 960 ಅಕ್ಷರಗಳಷ್ಟೇ ಸಾಗಬಲ್ಲವು. 1023 ಎಂಬ ಅಂಕಿಗೆ ಸಾಲಿನ ಕೊನೆಯ ಎರಡು ಗುರುತುಗಳೂ ಸೇರಿ 6 ಅಕ್ಷರಗಳು; ಆದುದರಿಂದ ಸೆಕೆಂಡಿಗೆ 160 ಮಾದರಿಗಳು. 7 ಎಂಬ ಅಂಕಿಗೆ 3 ಅಕ್ಷರಗಳು ಸಾಕು. ಆದುದರಿಂದ 320 ಮಾದರಿಗಳು. ಇದರ ಪರಿಣಾಮವನ್ನು ಅಧ್ಯಾಪಕರು ಚೆನ್ನಾಗಿ ಮನಗಾಣಬೇಕು. ಅಳೆಯಲ್ಪಡುವ ಸಂಕೇತವೇ ಮಾದರಿಯ ವೇಗವನ್ನು ಬದಲಿಸುತ್ತಿದೆ! ಒತ್ತಡ ತಗ್ಗಿದ್ದಾಗ ಮಾದರಿಗಳು ಒತ್ತಾಗಿಯೂ, ಹೆಚ್ಚಿದ್ದಾಗ ವಿರಳವಾಗಿಯೂ ಬೀಳುವುವು. ಅವುಗಳನ್ನು ಸಮಾನ ಅಂತರದಲ್ಲಿ ಬಿಡಿಸಿದಾಗ ಅಲೆಯ ಕೆಳಭಾಗ ಹಿಗ್ಗಿ, ಮೇಲ್ಭಾಗ ಕುಗ್ಗಿ, ಸುಂದರವಾದ ಅಲೆಯು ವಿಕಾರಗೊಳ್ಳುವುದು. ವಿದ್ಯಾರ್ಥಿಯು ಸಂವೇದಕವನ್ನು ದೂರುವನು, ದೋಷವಿರುವುದು ಕಾಲದಲ್ಲಿ.

ಪರಿಹಾರ ಕಷ್ಟವಲ್ಲ. ಫಲಕದೊಳಗೆಯೇ ಇರುವ ಎಣಿಕೆಯಂತ್ರಕ್ಕೆ ಮೂಲ ಗಡಿಯಾರವನ್ನು 64ರಿಂದ ಭಾಗಿಸಿ ಕೊಟ್ಟರೆ ಸೆಕೆಂಡಿಗೆ 2,50,000 ತುಡಿತಗಳಾಗುವುವು. 250 ತುಡಿತಗಳಿಗೊಮ್ಮೆ ಮಾದರಿ ತೆಗೆಯಬೇಕೆಂದರೆ ವೇಗವು ಸರಿಯಾಗಿ 1,000. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಕೊಡಬೇಕಾದ ಸಂಖ್ಯೆ 249. ಮೊದಲು 500 ಮಾದರಿಗಳನ್ನು ಫಲಕದ ಸ್ಮೃತಿಯಲ್ಲಿ ಕೂಡಿಟ್ಟು ಅನಂತರ ಕಳುಹಿಸಬೇಕು. 2,048 ಬೈಟುಗಳ ಆ ಸ್ಮೃತಿಯಲ್ಲಿ ಇದಕ್ಕೆ ಬೇಕಾದುದು 1,000 ಬೈಟುಗಳು ಮಾತ್ರ. ಇಷ್ಟು ಸೂಕ್ಷ್ಮಕ್ಕೆ ಹೋಗಲಾರದ ಕಿರಿಯ ತರಗತಿಗಳಲ್ಲಿ, ಪ್ರತಿ ಮಾದರಿಯ ಬಳಿಕ ಇಂತಿಷ್ಟು ಕಾಲ ಕಾಯಿರಿ ಎಂದು ಹೇಳುವುದಕ್ಕೆ ಬದಲಾಗಿ, ಮುಂದಿನ ಮಾದರಿಯ ಗಳಿಗೆಯನ್ನು ಮೊದಲೇ ಗೊತ್ತುಪಡಿಸಿ ಆ ಗಳಿಗೆಯವರೆಗೆ ಕಾಯುವಂತೆ ಬರೆಯಿಸಬೇಕು. ಹೀಗೆ ಮಾಡಿದರೆ ಒಂದು ಮಾದರಿಯ ವಿಳಂಬವು ಮುಂದಿನದಕ್ಕೆ ಕೂಡುತ್ತ ಹೋಗುವುದಿಲ್ಲ.

ವೇಗ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಪ್ರತಿ ಪ್ರಯೋಗಶಾಲೆಯಲ್ಲಿಯೂ ಇರುವ 512 ಹರ್ಟ್ಸ್ ಶ್ರುತಿಕವೆಯೊಂದೇ ಸಾಕು. ಅದನ್ನು ಮಿಡಿದು ಮೈಕ್ರೋಫೋನಿನ ಮುಂದೆ ಹಿಡಿದು ಸೆಕೆಂಡಿಗೆ 2,000 ಮಾದರಿಗಳಂತೆ ತೆಗೆದರೆ ಲೆಕ್ಕದಲ್ಲಿ 512 ಆವರ್ತನೆಗಳೇ ಬರಬೇಕು. ಬೇರೆ ಸಂಖ್ಯೆ ಬಂದರೆ ವೇಗದಲ್ಲಿ ದೋಷವಿದೆ. ಅನಂತರ ವೇಗವನ್ನು ಬೇಕೆಂದೇ 1,000ಕ್ಕೆ ಇಳಿಸಿ ತೋರಿಸಬೇಕು. ಆಗ ಬರುವ ಉತ್ತರ 488. ಇದು 512ಕ್ಕೆ ಎಷ್ಟು ಹತ್ತಿರವೆಂದರೆ, ಎಚ್ಚರವಿಲ್ಲದವನು ಇದನ್ನು ಅಲ್ಪ ದೋಷವೆಂದು ಭಾವಿಸಿ ಒಪ್ಪಿಬಿಡುವನು. ವೇಗವನ್ನು 600ಕ್ಕೆ ಇಳಿಸಿದರೆ ಉತ್ತರ 88. ಮಿಥ್ಯೆಯು ಕೆಲವೊಮ್ಮೆ ಸತ್ಯದ ನೆರೆಮನೆಯಲ್ಲಿಯೇ ವಾಸಿಸುವುದೆಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಉತ್ತಮ ಪ್ರಯೋಗ ಇರಲಾರದು.

7. ವೇಗ ಹೆಚ್ಚಿದಷ್ಟೂ ಒಳಿತೇ?

ವೇಗ ಕಡಿಮೆಯಾದರೆ ಕೇಡು ಎಂದಾಕ್ಷಣ ಅತಿವೇಗವೇ ಲೇಸೆಂದು ತಿಳಿಯಲಾಗದು. ತರಗತಿಯ ಕೋಣೆಯ ಉಷ್ಣತೆಯನ್ನು ನಿಮಿಷಕ್ಕೊಮ್ಮೆ ಅಳೆದರೆ ದಿನಕ್ಕೆ 1,440 ಮಾದರಿಗಳು. ಮಾದರಿಗೆ 2 ಬೈಟಿನಂತೆ 2,880 ಬೈಟುಗಳು. ಅದನ್ನೇ ಸೆಕೆಂಡಿಗೆ 10,000 ಬಾರಿ ಅಳೆದರೆ ದಿನಕ್ಕೆ 172 ಕೋಟಿ 80 ಲಕ್ಷ ಬೈಟುಗಳು. ಇವುಗಳಿಂದ ಉಷ್ಣತೆಯ ವಿಷಯದಲ್ಲಿ ಹೆಚ್ಚಾಗಿ ತಿಳಿದುಬರುವುದು ಏನೂ ಇಲ್ಲ. ಕಾಣಬೇಕಾದ ಸಂಗತಿ ಯಾವುದು, ಅದು ಎಷ್ಟು ಬೇಗ ಬದಲಾಗುವುದು ಎಂಬುದನ್ನು ಮೊದಲು ವಿಚಾರಿಸಿ, ಅದಕ್ಕೆ ತಕ್ಕ ವೇಗವನ್ನೂ ಶೋಧಕವನ್ನೂ ಗೊತ್ತುಮಾಡುವುದೇ ಶಾಸ್ತ್ರೀಯ ಮಾರ್ಗ.

ಉಪಕರಣಗಳಿಗಾಗಿ ಹಣ ನೀಡುವ ದಾನಿಗಳೂ, ಕೊಳ್ಳುವ ಸಮಿತಿಯ ಸದಸ್ಯರೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ವಿನಂತಿ. ಮಾದರಿಯ ಗಳಿಗೆಯನ್ನು ಕಾಯುವ ಗಡಿಯಾರವು ಉಪಕರಣದಲ್ಲಿಯೇ ಇದೆಯೇ, ಇಲ್ಲವೇ ಗಣಕಯಂತ್ರವನ್ನು ಅವಲಂಬಿಸಿದೆಯೇ? ಜಾಹೀರಾತಿನಲ್ಲಿ ಹೇಳಿದ ವೇಗವು ಪ್ರತಿ ಮಾರ್ಗಕ್ಕೋ ಎಲ್ಲ ಮಾರ್ಗಗಳಿಗೂ ಸೇರಿಯೋ? ಮೇಲೆ ಹೇಳಿದ ಫಲಕದಲ್ಲಿ 6 ಮಾರ್ಗಗಳಿಗೆ ಒಂದೇ ಪರಿವರ್ತಕವಿರುವುದರಿಂದ ಆರನ್ನೂ ಬಳಸಿದರೆ ಒಂದೊಂದಕ್ಕೆ 1,600 ಮಾತ್ರ. ಅಲ್ಲದೆ ಆರೂ ಏಕಕಾಲದವಲ್ಲ, ಒಂದರ ಬಳಿಕ ಒಂದು. ಪರಿವರ್ತಕಕ್ಕೆ ಮೊದಲು ಶೋಧಕವಿದೆಯೇ? ಮಾದರಿಗಳು ಕಳೆದುಹೋದಾಗ ಉಪಕರಣವು ಅದನ್ನು ತಿಳಿಸುವುದೇ? ಈ ನಾಲ್ಕಕ್ಕೆ ಸಮರ್ಪಕವಾದ ಉತ್ತರ ಕೊಡುವ ಸಾಧಾರಣ ಬೆಲೆಯ ಉಪಕರಣವು, ಉತ್ತರ ಕೊಡದ ದುಬಾರಿ ಉಪಕರಣಕ್ಕಿಂತ ಶಾಲೆಗೆ ಹೆಚ್ಚು ಉಪಕಾರಿ. ದಾಸೋಹ ಭಾವದಿಂದ ಬಂದ ಪ್ರತಿ ರೂಪಾಯಿಯೂ ಮಕ್ಕಳ ಅರಿವಾಗಿ ಫಲಿಸಬೇಕಲ್ಲದೆ ಕಪಾಟಿನ ಅಲಂಕಾರವಾಗಬಾರದು.

ಅಧ್ಯಾಪಕ ಬಂಧುಗಳಲ್ಲಿಯೂ ಒಂದು ಅರಿಕೆ. ವಿದ್ಯಾರ್ಥಿಯ ಪ್ರಯೋಗ ಪುಸ್ತಕದಲ್ಲಿ ಗಣಕಯಂತ್ರವು ಬಿಡಿಸಿದ ಪ್ರತಿಯೊಂದು ರೇಖೆಯ ಕೆಳಗೂ ಮೂರು ಸಂಗತಿಗಳನ್ನು ಬರೆಯಿಸಬೇಕು: ಮಾದರಿಯ ವಾಸ್ತವ ವೇಗ, ಆ ವೇಗವನ್ನು ಕಾಯ್ದ ಬಗೆ, ಬಳಸಿದ ಶೋಧಕದ ಮಿತಿ. ಇವಿಲ್ಲದ ರೇಖೆಗೆ ಅಂಕ ಕೊಡಲಾಗದು. ಅರಿವಿಗೆ ತಕ್ಕ ಆಚಾರವಿರಬೇಕೆಂಬುದು ಶರಣರು ಈ ನಾಡಿಗೆ ಕಲಿಸಿದ ಪಾಠ. ಅಳತೆಯ ವಿಷಯದಲ್ಲಿ ಆ ಆಚಾರವೆಂದರೆ ಕಾಲದ ಲೆಕ್ಕವನ್ನು ತಪ್ಪದೆ ಒಪ್ಪಿಸುವುದೇ. ಇಂದು ಶ್ರುತಿಕವೆಯ 488ನ್ನು ಕಂಡು ಅನುಮಾನಿಸಲು ಕಲಿತ ಬಾಲಕ ಬಾಲಕಿಯರೇ ನಾಳೆ ರೋಗಿಯ ಹಾಸಿಗೆಯ ಬಳಿಯಲ್ಲಿಯೂ, ಸೇತುವೆ ಅಣೆಕಟ್ಟುಗಳ ಮೇಲೆಯೂ ಉಪಕರಣಗಳ ಮುಂದೆ ನಿಲ್ಲುವವರು. ಆ ಅನುಮಾನವನ್ನು ಅವರಿಗೆ ಕಲಿಸಿ ಕಳುಹಿಸುವುದು ನಮ್ಮ ಕರ್ತವ್ಯವಾಗಿದೆ.